ಪುಟ್ಟಿಯ ಮೊದಲ ಫಾರಿನ್ ಟ್ರಿಪ್: ಉಡುಪಿಯಿಂದ ದುಬೈಗೆ

ಎಂಟು ತಿಂಗಳ ಮಗುವನ್ನು ಕಟ್ಕೊಂಡು ದುಬೈಗೆ ಎಂತಕ್ಕೆ ಹೋಗುದು, ಸ್ವಲ್ಪ ದೊಡ್ಡದಾಗಲಿ, ನಡೀಲಿಕ್ಕೆ ಕಲೀಲಿ, ಆಮೇಲೆ ಹೋದ್ರಾಯ್ತಲ್ಲ ಅಂತ ಹೇಳಿದವರು ಮನೆಯೊಳಗೂ ಇದ್ರು, ಹೊರಗೂ ಇದ್ರು. ಪ್ರೀತಿಯಿಂದಲೇ ಹೇಳಿದ್ದು, ಬೇಜಾರಿಲ್ಲ. ಆದ್ರೆ ಅಕ್ಕ ಭಾವ ಇರುದು ದುಬೈಯ ಕರಾಮದಲ್ಲಿ, ರಜೆ ಸಿಗದೆ ತೊಟ್ಟಿಲು ಹಾಕುವ ಶಾಸ್ತ್ರಕ್ಕೂ ಅವರಿಗೆ ಬರ್ಲಿಕ್ಕಾಗಿರ್ಲಿಲ್ಲ, ಅಕ್ಕ ಪುಟ್ಟಿಯನ್ನು ನೋಡಿದ್ದೆಲ್ಲ ಬೋಟಿಮ್ ಅನ್ನುವ ಆಪಿನ ವಿಡಿಯೋ ಕಾಲಲ್ಲೇ. ಮತ್ತೆ ನನ್ನದೂ ಒಂದು ಆಸೆ ಇತ್ತು. ಬಸುರಿ, ಬಾಣಂತನ ಅಂತ ಮನೆ, ಆಸ್ಪತ್ರೆ ಬಿಟ್ಟು ಬೇರೆ ಜಾಗದ ಮುಖ ನೋಡದೆ ತುಂಬ ಸಮಯ ಆಗಿತ್ತು. ನನಗೂ ಒಂದು ಚೇಂಜ್ ಬೇಕು ಅಂತ ತಾಯಿಯಾದವಳು ಬಾಯಿ ಬಿಟ್ಟು ಹೇಳ್ಲಿಕ್ಕೆ ನಮ್ಮ ಕಡೆ ಯಾಕೋ ಒಂಥರಾ ಸಂಕೋಚ, ನಾನು ಹೇಳಿಯೇ ಬಿಟ್ಟೆ, ಗಂಡನೂ ಸರಿ ಹೋಗುವಾ ಅಂದ್ರು.

ನಿಜ ಹೇಳ್ಬೇಕಂದ್ರೆ ಎಂಟು ತಿಂಗಳು ಒಳ್ಳೆ ಪ್ರಾಯ. ಕೂತ್ಕೊಳ್ತದೆ ಆದ್ರೆ ಓಡುದಿಲ್ಲ, ಅರ್ಧ ಹೊಟ್ಟೆ ಅಮ್ಮನ ಹಾಲಲ್ಲೇ ತುಂಬ್ತದೆ, ಎರಡು ವರ್ಷದೊಳಗೆ ಆದ್ರಿಂದ ವಿಮಾನದಲ್ಲಿ ಮಡಿಲಲ್ಲೇ ಕೂರಿಸಿ ಕರ್ಕೊಂಡು ಹೋಗ್ಬಹುದು, ಫುಲ್ ಟಿಕೆಟ್ ಬೇಡ.

ಪೇಪರ್ ಕೆಲಸ ಹೇಳಿಬಿಡ್ತೇನೆ, ತುಂಬ ಜನ ಕೇಳುದು ಅದನ್ನೇ. ಹಸುಗೂಸಾದ್ರೂ ಸ್ವಂತ ಪಾಸ್‌ಪೋರ್ಟ್ ಬೇಕು, ಅಪ್ಪ ಅಮ್ಮನ ಪಾಸ್‌ಪೋರ್ಟಲ್ಲಿ ಹೆಸರು ಸೇರಿಸಿದ್ರೆ ಆಗುದಿಲ್ಲ. 2023ರ ಅಕ್ಟೋಬರ್ 1ಕ್ಕೆ ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕಕ್ಕೆ ಬರ್ತ್ ಸರ್ಟಿಫಿಕೇಟ್ ಒಂದೇ ದಾಖಲೆ, ಹಾಗಾಗಿ ಅದರಲ್ಲಿ ಮಗುವಿನ ಹೆಸರು ಸರಿಯಾಗಿ ಬಂದಿದೆಯಾ ಅಂತ ಮೊದಲೇ ನೋಡಿ, ನಾಮಕರಣಕ್ಕೆ ಮುಂಚೆ ತೆಗ್ಸಿದ ಸರ್ಟಿಫಿಕೇಟಲ್ಲಿ ಹೆಸರಿನ ಜಾಗ ಖಾಲಿ ಇರ್ತದೆ. ಅನೆಕ್ಶರ್ ಡಿ ಅಂತ ಒಂದು ಫಾರ್ಮ್ ಉಂಟು, ಇಬ್ಬರೂ ಸಹಿ ಹಾಕ್ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೋ ನಾವೇ ತೆಗ್ಸಿಕೊಂಡು ಹೋಗ್ಬೇಕು, ಬಿಳಿ ಬ್ಯಾಕ್‌ಗ್ರೌಂಡ್. ಸ್ಟುಡಿಯೋದವರು ಬಿಳಿ ಬೆಡ್‌ಶೀಟ್ ಹಾಸಿ ಪುಟ್ಟಿಯನ್ನು ಅಂಗಾತ ಮಲಗಿಸಿ ಸ್ಟೂಲ್ ಮೇಲೆ ಹತ್ತಿ ಮೇಲಿನಿಂದ ತೆಗ್ದ್ರು, ಕಣ್ಣು ತೆರೆದಿರ್ಬೇಕು, ಬಾಯಿ ಮುಚ್ಚಿರ್ಬೇಕು, ಯಾರ ಕೈಯೂ ಕಾಣ್ಬಾರ್ದು, ಅಷ್ಟಾಗುವಾಗ ಮಧ್ಯಾಹ್ನ ಆಯ್ತು. ಫೀಸು 1000 ರೂಪಾಯಿ, 8 ವರ್ಷದೊಳಗಿನವರಿಗೆ ಅದ್ರಲ್ಲೂ ಶೇ. 10 ಕಡಿಮೆ. 5 ವರ್ಷಕ್ಕೆ ಕೊಡ್ತಾರೆ. ಮಂಗಳೂರಿನ ಸೇವಾ ಕೇಂದ್ರದಲ್ಲಿ ಸಹಿಯ ಜಾಗಕ್ಕೆ ಅವಳ ಹೆಬ್ಬೆರಳು ಒತ್ತಿಸಿದ್ದು, ಆ ಇಂಕು ಸಂಜೆವರೆಗೂ ಹೋಗ್ಲಿಲ್ಲ. ಯುಎಇ ವೀಸಾ ಕೂಡ ಮಗುವಿಗೆ ಬೇರೆಯೇ. ಟ್ರಾವೆಲ್ ಇನ್ಶೂರೆನ್ಸ್ ಮೂವರಿಗೂ ಮಾಡಿಸಿದ್ವಿ, ಮಗುವಿಗಂತೂ ಇಲ್ಲದೆ ಹೋಗ್ಬೇಡಿ.

ಡಾಕ್ಟರ್ ಹತ್ರ ಹೊರಡುವ ಮುಂಚೆ ಒಮ್ಮೆ ತೋರಿಸಿದ್ವಿ. ಫ್ಲೂ ಇಂಜೆಕ್ಷನ್ ಆಗಿತ್ತು, ಒಂಬತ್ತನೇ ತಿಂಗಳದ್ದು ವಾಪಸ್ ಬಂದ ಮೇಲೆ. ಜ್ವರದ ಡ್ರಾಪ್ಸ್ ಎಷ್ಟು ಎಂಎಲ್ ಅಂತ ಅವಳ ತೂಕ ನೋಡಿ ಚೀಟಿಯಲ್ಲಿ ಬರ್ಸಿಕೊಂಡೆ. ಓಆರ್‌ಎಸ್, ಮೂಗಿನ ಸಲೈನ್ ಡ್ರಾಪ್ಸ್, ಥರ್ಮಾಮೀಟರ್. ಊಟಕ್ಕೆ ರಾಗಿ ಮಣ್ಣಿಯ ಪುಡಿ, ಅಮ್ಮ ರಾಗಿ ನೆನೆಸಿ ಅರೆದು ಹಾಲು ಸೋಸಿ ಬಿಸಿಲಲ್ಲಿ ಒಣಗಿಸಿ ಮಾಡಿದ್ದು, ಮತ್ತೆ ನೇಂದ್ರಕಾಯಿ ಪುಡಿ. ಉಪ್ಪು ಸಕ್ಕರೆ ವರ್ಷ ತುಂಬುವವರೆಗೆ ಬೇಡ ಅಂತ ಡಾಕ್ಟರ್ ಹೇಳಿದ್ರಿಂದ ಕೆಲಸ ಸಸಾರ. ಅಕ್ಕನಿಗೆ ಅಂತ ಅಮ್ಮ ಕಟ್ಟಿದ ಡಬ್ಬಿಗಳಲ್ಲಿ ಗಸಗಸೆ ಪೊಟ್ಟಣ ಒಂದಿತ್ತು, ಭಾವ ಫೋನಲ್ಲಿ ಲಿಸ್ಟ್ ಓದಿಸಿ ಕೇಳಿ ಅದನ್ನು ತೆಗ್ಸಿದ್ರು. ಯುಎಇಗೆ ಗಸಗಸೆ ತರ್ಲಿಕ್ಕೆ ಇಲ್ಲ, ಅಫೀಮಿನ ಗಿಡದ್ದು ಅಂತ ಅಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರ್ತದೆ. ಪಾಯಸಕ್ಕೆ ಹಾಕುವ ಗಸಗಸೆ ಅಂತ ಏರ್‌ಪೋರ್ಟಲ್ಲಿ ಯಾರಿಗೆ ಹೇಳುದು? ಮನೆಯಲ್ಲಿ ಹಿರಿಯರು ಪ್ಯಾಕ್ ಮಾಡಿದ್ದನ್ನು ಒಂದ್ಸಲ ಬಿಚ್ಚಿ ನೋಡಿಯೇ ಹೊರಡಿ.

ಬುಧವಾರ

ಪರ್ಯಾಯದ ಗಲಾಟೆ ಮುಗಿದ ವಾರವೇ ಹೊರಟದ್ದು, ಉಡುಪಿ ಪೇಟೆಯಲ್ಲಿ ಲೈಟಿಂಗ್ ಇನ್ನೂ ಇಳ್ಸಿರ್ಲಿಲ್ಲ. ಬೆಳಗ್ಗಿನ ವಿಮಾನ, ಕತ್ತಲಿರುವಾಗಲೇ ಕಾರು. ಅತ್ತೆ ಮಾವ ಕೂಡ ಬಿಡ್ಲಿಕ್ಕೆ ಬಂದ್ರು. ಮೂಲ್ಕಿಯಿಂದ ಒಳಗೆ ತಿರುಗಿ ಕಿನ್ನಿಗೋಳಿ, ಕಟೀಲು ದಾರಿಯಲ್ಲಿ ಹೋದ್ವಿ, ಕಟೀಲಲ್ಲಿ ಅತ್ತೆ ಕಾರಿಂದಲೇ ಕೈ ಮುಗಿದು ಪುಟ್ಟಿಯ ಕೆನ್ನೆಗೆ ಇನ್ನೊಂದು ಕಾಡಿಗೆ ಬೊಟ್ಟು ಇಟ್ರು. ಇದ್ದ ಬೊಟ್ಟೇ ದೊಡ್ಡದಿತ್ತು, ಈಗ ಎರಡಾಯ್ತು.

ಬಜ್ಪೆಯ ಮಂಗಳೂರು ಏರ್‌ಪೋರ್ಟ್ ಗುಡ್ಡದ ತಲೆ ಕಡಿದು ಮಾಡಿದ್ದು, ರನ್‌ವೇ 2450 ಮೀಟರ್ ಮಾತ್ರ, ದೊಡ್ಡ ವಿಮಾನ ಇಲ್ಲಿಗೆ ಬರುದಿಲ್ಲ. ಗೋಡೆಗೆ ತೊಟ್ಟಿಲು ಸಿಕ್ಕಿಸ್ತಾರಲ್ಲ, ಅದು ದೊಡ್ಡ ವಿಮಾನಗಳಲ್ಲಿ ಇರುದು, ನಮ್ಮ ಕಡೆಯಿಂದ ನೇರ ಹೋಗುವುದರಲ್ಲಿ ಅದರ ಆಸೆ ಬಿಡ್ಬೇಕು. ಮಡಿಲೇ ತೊಟ್ಟಿಲು. ನಮ್ಮ ಬೆಲ್ಟಿಗೆ ಸಿಕ್ಕಿಸುವ ಒಂದು ಸಣ್ಣ ಬೆಲ್ಟ್ ಕೊಡ್ತಾರೆ, ಅದು ಮಗುವಿನ ಸೊಂಟಕ್ಕೆ. ಸೆಕ್ಯೂರಿಟಿಯಲ್ಲಿ ಮಗುವಿನ ಹಾಲು, ಊಟ, ಬಿಸಿನೀರಿಗೆ 100 ಎಂಎಲ್ ಲೆಕ್ಕ ಇಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಬಿಡ್ತಾರೆ, ಕೇಳಿದ್ರೆ ತೆಗೆದು ತೋರಿಸಿದ್ರಾಯ್ತು.

ಕಿವಿಯ ವಿಷಯ ಎಲ್ಲರೂ ಹೇಳ್ತಾರೆ, ಏರುವಾಗ ಇಳಿಯುವಾಗ ಹಾಲು ಕೊಡಿ ಅಂತ. ನುಂಗುವಾಗ ಕಿವಿಯೊಳಗಿನ ಒತ್ತಡ ಸರಿಯಾಗ್ತದೆ, ಅದಕ್ಕೆ. ಆದ್ರೆ ಯಾವಾಗ ಶುರು ಮಾಡುದು ಅಂತ ಯಾರೂ ಹೇಳುದಿಲ್ಲ. ವಿಮಾನ ರನ್‌ವೇ ತುದಿಗೆ ಹೋಗುವಷ್ಟರಲ್ಲೇ ಮಗು ಕುಡ್ದು ಮುಗಿಸಿ ತಿರುಗಿ ಕೂತ್ರೆ ಎಂತ ಪ್ರಯೋಜನ? ಇಂಜಿನ್ ಸೌಂಡ್ ಜೋರಾಗಿ ಬೆನ್ನು ಸೀಟಿಗೆ ಒತ್ತಿದಾಗ ನಾನು ಹಾಲಿಗೆ ಹಾಕಿದ್ದು, ಮೋಡ ದಾಟುವಾಗ ನಿದ್ದೆ. ಎರಡೂವರೆ ಗಂಟೆ ಒಂದೇ ನಿದ್ದೆ, ನನ್ನ ಎಡಗೈ ಮರಗಟ್ಟಿ ಹೋಯ್ತು ಆದ್ರೆ ಅಲ್ಲಾಡ್ಸುವ ಧೈರ್ಯ ಇಲ್ಲ.

ಇಳಿಯುವುದೇ ಕಷ್ಟ. ಇಳಿಯುವುದು ಒಂದು ನಿಮಿಷದ ಕೆಲಸ ಅಲ್ಲ, ಅರ್ಧ ಗಂಟೆಯ ಹತ್ರ ಹತ್ರ ಕೆಳಗೆ ಬರ್ತಾ ಇರ್ತದೆ, ಅಷ್ಟು ಹೊತ್ತು ಯಾವ ಮಗು ಹಾಲು ಕುಡೀತದೆ? ಪುಟ್ಟಿ ಅಳ್ಲಿಕ್ಕೆ ಶುರು ಮಾಡಿದ್ಳು, ಕಿವಿ ಹಿಡ್ಕೊಂಡು ಬೆನ್ನು ಬಿಲ್ಲು ಮಾಡಿ. ಪಕ್ಕದ ಸೀಟಲ್ಲಿ ಮಗನ ಮನೆಗೆ ಹೋಗುವ ಬ್ಯಾರಿ ಅಜ್ಜಿ ಒಬ್ರು, ಅಷ್ಟೊತ್ತು ತಸ್ಬಿ ಎಣಿಸ್ತಾ ಕೂತಿದ್ದವರು ನನ್ನ ಕಡೆ ತಿರುಗಿ "ಬಾಲೆಗ್ ಕೆಬಿ ಬೇನೆ ಆಪುಂಡು, ಪೇರ್ ಕೊರ್ಲೆ" ಅಂತ ತುಳುವಲ್ಲಿ ಅಂದ್ರು, ಮಗುವಿಗೆ ಕಿವಿ ನೋವಾಗ್ತದೆ, ಹಾಲು ಕೊಡಿ ಅಂತ. ಕುಡಿಯುದಿಲ್ಲ ಅಮ್ಮಾ ಅಂದೆ. ಹಾಗಾದ್ರೆ ನೀರು ಕೊಡಿ ಅಂತ ಚಮಚ ನನ್ನ ಕೈಯಿಂದ ತೆಗೊಂಡು, ಒಂದೊಂದೇ ಚಮಚ ಬಿಸಿನೀರು ಬಾಯಿಗೆ ಬಿಟ್ಟು ಬಿಟ್ಟು, ಇನ್ನೊಂದು ಕೈಯ ಬಳೆ ಅವಳ ಮುಖದ ಎದುರು ಅಲ್ಲಾಡ್ಸಿ ಅಲ್ಲಾಡ್ಸಿ, ಚಕ್ರ ನೆಲಕ್ಕೆ ತಾಗುವವರೆಗೂ ಬಿಡ್ಲಿಲ್ಲ ಆ ಅಜ್ಜಿ. ಅವರ ಹೆಸರು ಕೇಳ್ಲಿಕ್ಕೂ ಆಗ್ಲಿಲ್ಲ, ಇಳಿಯುವ ಗಡಿಬಿಡಿಯಲ್ಲಿ ಕಾಣದೆ ಹೋದ್ರು. ಅವರ ಮಗನ ಮನೆ ತಣ್ಣಗಿರಲಿ.

ಸ್ಟ್ರಾಲರ್ ಮಾತ್ರ ಉಳಿದ ಬ್ಯಾಗುಗಳ ಜೊತೆ ಬೆಲ್ಟಲ್ಲಿ ಬರ್ಲಿಲ್ಲ. ದೊಡ್ಡ ಸಾಮಾನು ಬರುವ ಮೂಲೆ ಬೇರೆಯೇ ಇರ್ತದೆ, ಅಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ರು. ಹೊರಗೆ ಬಂದ್ರೆ ಅಕ್ಕ. ಪುಟ್ಟಿ ಫೋನಲ್ಲಿ ದಿನಾ ನೋಡಿದ ಮುಖ ಈಗ ಇಷ್ಟು ದೊಡ್ಡದಾಗಿ ಎದುರು ನಿಂತದ್ದು ನೋಡಿ ಹುಬ್ಬು ಗಂಟಿಕ್ಕಿ ಪರೀಕ್ಷೆ ಮಾಡಿದ್ಳು, ಮತ್ತೆ ಕೈ ಚಾಚಿ ಅಕ್ಕನ ಮೂಗು ಹಿಡಿದ್ಳು. ಅಕ್ಕ ಅತ್ತದ್ದು ಹೇಳಿ ಪ್ರಯೋಜನ ಇಲ್ಲ.

ಗುರುವಾರ

ಎಲ್ಲೂ ಹೋಗ್ಲಿಲ್ಲ. ಇದು ಊರಿಂದಲೇ ಮಾಡಿದ ತೀರ್ಮಾನ, ಬಂದ ಮರುದಿನ ಮಗುವಿಗೆ ಮನೆ ಅಭ್ಯಾಸ ಆಗ್ಲಿ ಅಂತ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಊರಲ್ಲಿ ಐದೂವರೆಗೆ ಏಳುವ ಮಗು ಅಲ್ಲಿ ಸರೀ ನಾಲ್ಕಕ್ಕೆ ಎದ್ದು ಕೂತು ಬೊಬ್ಬೆ. ಅದನ್ನು ಸರಿ ಮಾಡ್ಲಿಕ್ಕೆ ಹೋಗ್ಲೇ ಇಲ್ಲ ನಾವು. ಒಂದು ವಾರಕ್ಕೆ ಬಂದವರು ಮಗುವಿನ ಗಡಿಯಾರ ಯಾಕೆ ತಿರುಗಿಸುದು, ಸಂಜೆ ಆರೂವರೆಗೆ ಅವಳಿಗೆ ರಾತ್ರಿ, ಬೆಳಿಗ್ಗೆ ನಾಲ್ಕಕ್ಕೆ ಅವಳಿಗೆ ಬೆಳಗು, ಹಾಗಾದ್ರೆ ನಮ್ಮ ತಿರುಗಾಟವೂ ಬೆಳಿಗ್ಗೆಯೇ ಅಂತ ಮಾಡಿದ್ವಿ. ಬೆಳಿಗ್ಗೆ ಒಂದು ಜಾಗ, ಅವಳ ಹತ್ತು ಗಂಟೆಯ ನಿದ್ದೆಗೆ ಮನೆ.

ಅಕ್ಕನ ಬಚ್ಚಲಲ್ಲಿ ಎಣ್ಣೆ ಹಚ್ಚಿ ಮೀಯಿಸಿದ್ದು. ಏಸಿ ಗಾಳಿಗೆ ಒಂದೇ ದಿನಕ್ಕೆ ಪುಟ್ಟಿಯ ಕೆನ್ನೆ ಒಣಗಿ ಬಿಳಿ ಬಿಳಿ ಆಗಿತ್ತು, ನಮ್ಮ ಕಡಲ ತೇವದ ಹವೆಯಲ್ಲಿ ಬೆಳೆದ ಚರ್ಮ ಅಲ್ವಾ, ದಿನಾ ಎರಡು ಸಲ ತೆಂಗಿನೆಣ್ಣೆ ಹಚ್ಚಿದ ಮೇಲೆ ಸರಿ ಆಯ್ತು. ಕುಚ್ಚಲಕ್ಕಿ ಕರಾಮದ ಅಂಗಡಿಯಲ್ಲೇ ಸಿಗ್ತದೆ, ಮಧ್ಯಾಹ್ನ ಗಂಜಿ ಬಸಿದು ತಿಳಿ ಅವಳಿಗೆ, ಗಂಜಿ ಮತ್ತೆ ಅಮ್ಮ ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿ ನಮಗೆ.

ಶುಕ್ರವಾರ

ಜನವರಿಯ ಬೆಳಿಗ್ಗೆ ದುಬೈಯಲ್ಲಿ ಚಳಿ ಉಂಟು ಅಂದ್ರೆ ಊರಲ್ಲಿ ಯಾರೂ ನಂಬುದಿಲ್ಲ. ಟೊಪ್ಪಿ, ಸ್ವೆಟರ್ ಹಾಕಿ ಎದೆಗೆ ಕ್ಯಾರಿಯರಲ್ಲಿ ಕಟ್ಕೊಂಡು ಮೆಟ್ರೋದಲ್ಲಿ ಅಲ್ ಘುಬೈಬಾ, ಅಲ್ಲಿಂದ ನಡೆದು ಕ್ರೀಕ್ ಹತ್ರ. ಮೆಟ್ರೋದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ತಿನ್ನುದು ಕುಡಿಯುದು ಮಾತ್ರ ಮಾಡ್ಬಾರ್ದು, ದಂಡ ಹಾಕ್ತಾರೆ, ಅದಕ್ಕೆ ಮಣ್ಣಿ ತಿನ್ನಿಸಿಯೇ ಹೊರಟದ್ದು.

ಅಬ್ರಾ ಅಂದ್ರೆ ಮರದ ದೋಣಿ, ಬರ್ ದುಬೈಯಿಂದ ಆಚೆ ದಡದ ದೇರಾಕ್ಕೆ, ಒಂದು ದಿರ್ಹಮ್. ಇಷ್ಟು ದೊಡ್ಡ ದೊಡ್ಡ ಬಿಲ್ಡಿಂಗ್ ಇರುವ ಊರಲ್ಲಿ ಇಷ್ಟು ಕಮ್ಮಿಗೆ ಸಿಗುವ ಖುಷಿ ಬೇರೆ ಇಲ್ಲ. ನಡುವೆ ಉದ್ದಕ್ಕೆ ಬೆಂಚು, ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ಕೂರುದು, ಕೈಕಂಬಿ ಏನೂ ಇಲ್ಲ, ಕಾಲಿನ ಹತ್ರವೇ ನೀರು. ಸ್ಟ್ರಾಲರ್ ತಂದವರಿಗೆ ಇಲ್ಲಿ ಕಷ್ಟ, ಕ್ಯಾರಿಯರೇ ಸರಿ. ಇಂಜಿನ್ ಡುಗುಡುಗು ಶುರುವಾದಾಗ ಪುಟ್ಟಿ ಹೆದರ್ತಾಳೋ ಅಂತ ಕಿವಿ ಮುಚ್ಚಲಿಕ್ಕೆ ಹೋದೆ, ಅವಳು ನನ್ನ ಕೈ ತಳ್ಳಿ ಬಿಟ್ಳು. ಬಿಳಿ ಕಡಲಕ್ಕಿಗಳು ದೋಣಿಯ ಜೊತೆಜೊತೆಗೇ ಹಾರ್ತಾ ಬಂದ್ವು, ಒಂದು ಎಷ್ಟು ಹತ್ರ ಅಂದ್ರೆ ಅದರ ಕೆಂಪು ಕಾಲು ಹೊಟ್ಟೆಗೆ ಒತ್ತಿ ಮಡಚಿ ಇಟ್ಕೊಂಡದ್ದು ಕಾಣ್ತಿತ್ತು, ಪುಟ್ಟಿ ಅದಕ್ಕೆ "ಆ ಆ ಆ" ಅಂತ ಕರೀತಾಳೆ, ಕಾಲು ಬಡೀತಾಳೆ, ಪಕ್ಕ ಕೂತಿದ್ದ ಕೂಲಿ ಕೆಲಸದ ಹುಡುಗರೆಲ್ಲ ಅವಳನ್ನೇ ನೋಡ್ತಾ ನಗ್ತಾ ಇದ್ರು. ಅದರಲ್ಲಿ ಒಬ್ಬ ಬಾಂಗ್ಲಾದ ಹುಡುಗ ಫೋನ್ ತೆಗ್ದು ತನ್ನ ಮಗುವಿನ ಫೋಟೋ ತೋರಿಸಿದ. ಹುಟ್ಟಿದ ಮೇಲೆ ಅವನು ಇನ್ನೂ ಮುಟ್ಟಿ ನೋಡ್ಲಿಲ್ಲವಂತೆ. ಪುಟ್ಟಿಯ ಕಾಲು ಒಂದ್ಸಲ ಮುಟ್ಟಬಹುದಾ ಅಂತ ಹಿಂದಿಯಲ್ಲಿ ಕೇಳಿದ. ಮುಟ್ಟಿದ, ಸಾಕ್ಸ್ ಮೇಲಿಂದಲೇ.

ದೇರಾ ಕಡೆಯ ದಡದಲ್ಲಿ ಸಾಲಾಗಿ ಮರದ ಹಡಗು, ನಮ್ಮ ಮಂಗಳೂರು ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಸಾಮಾನು ತುಂಬ್ಕೊಂಡು ಹೋಗುವ ಮಂಜಿಗಳ ಜಾತಿಯವೇ, ಫ್ರಿಜ್, ಟಯರು, ಅಕ್ಕಿ ಮೂಟೆ ಎಲ್ಲ ದಡದಲ್ಲೇ ರಾಶಿ. ಅಷ್ಟು ಬೆಳಿಗ್ಗೆ ಮಸಾಲೆ ಸೂಕಿನ, ಅಂದ್ರೆ ಮಸಾಲೆ ಪೇಟೆಯ, ಹೆಚ್ಚಿನ ಅಂಗಡಿ ತೆರೆದಿರ್ಲಿಲ್ಲ. ನಮಗೆ ಬೇಕಾದ್ದು ದೋಣಿ. ಇನ್ನೊಂದು ದಿರ್ಹಮ್ ಕೊಟ್ಟು ವಾಪಸ್ ಅದೇ ದಾರಿ. ಹತ್ತಕ್ಕೆ ಮನೆ, ನಿದ್ದೆ.

ಶನಿವಾರ

ಶನಿವಾರ ಭಾನುವಾರ ಭಾವನಿಗೆ ರಜೆ. 2022ರಿಂದ ಅಲ್ಲಿ ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ ಅಂತ ಮಾಡಿದ್ದಾರೆ. ಅಬುಧಾಬಿಯ ಮಂದಿರಕ್ಕೆ ಹೋಗುದು ಅಂತ ಮೊದಲೇ ಆನ್‌ಲೈನಲ್ಲಿ ಬುಕ್ ಮಾಡಿಟ್ಟಿದ್ರು.

ಈ ದಿನದ ಕಥೆ ಮಂದಿರದ್ದಕ್ಕಿಂತ ಕಾರ್ ಸೀಟಿನದ್ದು. ಯುಎಇಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಾರಲ್ಲಿ ಚೈಲ್ಡ್ ಸೀಟ್ ಕಡ್ಡಾಯ, ಇಲ್ಲದಿದ್ರೆ 400 ದಿರ್ಹಮ್ ದಂಡ, ಲೈಸೆನ್ಸಿಗೆ ನಾಲ್ಕು ಬ್ಲ್ಯಾಕ್ ಪಾಯಿಂಟ್. ಭಾವ ಗೆಳೆಯನ ಮನೆಯಿಂದ ಅವರ ಮಗ ಉಪಯೋಗಿಸಿ ಬಿಟ್ಟ ಸೀಟ್ ತಂದು ಹಿಂದೆ ಕಟ್ಟಿದ್ರು, ಮಗುವಿನ ಮುಖ ಕಾರಿನ ಹಿಂಬದಿಗೆ ಬರುವ ಹಾಗೆ. ಪುಟ್ಟಿ ಹುಟ್ಟಿದಾಗಿಂದ ಕಾರಲ್ಲಿ ಕೂತದ್ದು ಯಾರಾದ್ರೂ ಒಬ್ಬರ ಮಡಿಲಲ್ಲಿ. ಬಂದ ದಿನ ಏರ್‌ಪೋರ್ಟಿಂದ ಮನೆಗೆ ಬರುವಾಗ ಸುಸ್ತಾಗಿ ಇದೇ ಸೀಟಲ್ಲಿ ನಿದ್ದೆ ಹೋಗಿದ್ಳು, ಅವಳಿಗೆ ಗೊತ್ತೇ ಆಗಿರ್ಲಿಲ್ಲ. ಈಗ ಪೂರ್ತಿ ಎಚ್ಚರ. ಐದು ಕಡೆ ಬೆಲ್ಟ್ ಹಾಕಿ ಕಟ್ಟಿದ್ದೇ ಸರಿ, ಶೇಖ್ ಝಾಯೆದ್ ರೋಡ್ ಮುಟ್ಟುವ ಮೊದಲೇ ಅಳು ತಾರಕಕ್ಕೆ.

ತಾಯಿಯ ಮನಸ್ಸಿಗೆ ಇದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ಕೈಗೆಟಕುವ ದೂರದಲ್ಲಿ ಮಗು ಕೆಂಪಾಗಿ ಅಳ್ತಾ ಉಂಟು, ಎತ್ತಿಕೊಂಡ್ರೆ ಒಂದು ನಿಮಿಷದಲ್ಲಿ ಸುಮ್ಮನಾಗ್ತದೆ, ಆದ್ರೆ ಎತ್ತುವ ಹಾಗಿಲ್ಲ. ಭಾವ ಒಂದ್ಸಲ ತೆಗೆಯುವಾ ಅಂದೆ. ಭಾವ ಸಾಧಾರಣ ಜೋರು ಮಾತಾಡುವವರಲ್ಲ, ಅವತ್ತು ಕನ್ನಡಿಯಲ್ಲೇ ನನ್ನನ್ನು ನೋಡಿ, "ಇಲ್ಲ ಮಗಾ, ನೂರಾ ಇಪ್ಪತ್ತರಲ್ಲಿ ಹೋಗ್ತಾ ಇದ್ದೇವೆ, ನಾನು ಒಂದು ಬ್ರೇಕ್ ಹಾಕಿದ್ರೆ ನಿನ್ನ ಕೈಯಲ್ಲಿ ಅವಳು ನಿಲ್ಲುದಿಲ್ಲ. ಅಳ್ಲಿ. ಮುಂದೆ ಪಂಪ್ ಬರ್ತದೆ, ಅಲ್ಲಿ ನಿಲ್ಸುವಾ" ಅಂದ್ರು. ಅವರು ಹೇಳಿದ್ದು ನನ್ನ ತಲೆಯೊಳಗೆ ಕೂತ್ಬಿಟ್ಟಿತು, ಎಂಟು ಕೇಜಿ ಮಗು, ಆ ಸ್ಪೀಡು, ನನ್ನ ಎರಡು ಕೈ. ಊರಲ್ಲಿ ನಾವು ಎಷ್ಟು ಸಲ ಸಂತೆಕಟ್ಟೆ ಹೈವೇಯಲ್ಲಿ ಇದೇ ಪ್ರಾಯದ ಮಗುವನ್ನು ಮುಂದಿನ ಸೀಟಲ್ಲಿ ಮಡಿಲಲ್ಲಿ ಇಟ್ಕೊಂಡು ಹೋಗುವವರನ್ನು ನೋಡುದಿಲ್ಲ? ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ, 2019ರ ತಿದ್ದುಪಡಿಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದಿದ್ರೆ 1000 ರೂಪಾಯಿ ದಂಡ ಅಂತ ಉಂಟು, ಕೇಳುವವರು ಯಾರು.

ಪಂಪಲ್ಲಿ ನಿಲ್ಸಿ ಹಾಲು ಕೊಟ್ಟು, ಹೆಗಲಿಗೆ ಹಾಕಿ ಹತ್ತು ನಿಮಿಷ ತಿರುಗಾಡಿ, ಮತ್ತೆ ಕಟ್ಟಿದ್ವಿ. ಮತ್ತೆ ಅಳು, ಆದ್ರೆ ಈ ಸಲ ಅಕ್ಕ ಪಕ್ಕದಲ್ಲಿ ಬಗ್ಗಿ ಕೂತು ಅವಳ ಕಿವಿಯ ಹತ್ರ ಅಮ್ಮ ಹೇಳ್ತಿದ್ದ ಜೋಗುಳ ಹೇಳ್ತಾ ಹೋದ್ಳು, ಅಳು ಕೊಸರಾಯ್ತು, ಕೊಸರು ನಿದ್ದೆಯಾಯ್ತು.

ಮಂದಿರ ಅಬು ಮುರೈಖಾ ಅನ್ನುವ ಜಾಗದಲ್ಲಿ, ಮರಳಿನ ಬಯಲಲ್ಲಿ ದೂರದಿಂದಲೇ ಗುಲಾಬಿ ಕಲ್ಲು ಕಾಣ್ತದೆ. ಸ್ವಾಮಿನಾರಾಯಣ ಪಂಥದ ಬಾಪ್ಸ್ ಸಂಸ್ಥೆಯವರು ಕಟ್ಟಿದ್ದು, 2024ರ ಫೆಬ್ರವರಿ 14ಕ್ಕೆ ಉದ್ಘಾಟನೆ ಆಗಿದ್ದು. ರಾಜಸ್ಥಾನದ ಕಲ್ಲು, ಇಟಲಿಯ ಅಮೃತಶಿಲೆ, ಏಳು ಎಮಿರೇಟ್ಸಿಗೆ ಏಳು ಶಿಖರ. ಕೆತ್ತನೆಯಲ್ಲಿ ಆನೆಯ ಜೊತೆ ಒಂಟೆಯೂ ಉಂಟು. ಪುಟ್ಟಿ ನಿದ್ದೆಯಿಂದ ಎದ್ದವಳು ಒಳಗಿನ ತಣ್ಣನೆ ನೆಲದಲ್ಲಿ ಕೂತು ಎರಡೂ ಕೈಯಲ್ಲಿ ಪಟಪಟ ಬಡಿದ್ಳು, ಕಂಬದ ಬುಡದ ಕೆತ್ತನೆಯನ್ನು ಬೆರಳಲ್ಲಿ ಕೆದಕಿದ್ಳು. ಅವಳ ಎತ್ತರದಲ್ಲಿ ನಾನೂ ಕೂತು ನೋಡಿದ್ರಿಂದ ಬುಡದ ಆ ಸಣ್ಣ ಸಣ್ಣ ಹೂ ಬಳ್ಳಿ ನನಗೆ ಕಂಡದ್ದು, ಎಲ್ಲರೂ ಮೇಲೆ ನೋಡ್ತಾ ಹೋಗ್ತಿದ್ರು. ಶೇಖ್ ಝಾಯೆದ್ ಮಸೀದಿಗೂ ಹೋಗುವಾ ಅಂತ ಭಾವ ಅಂದ್ರು, ಬೇಡ ಅಂದೆ. ಒಂದು ದಿನಕ್ಕೆ ಒಂದೇ ಜಾಗ ಅನ್ನುದನ್ನು ಆ ಕಾರ್ ಸೀಟಿನ ಅಳು ಕೇಳಿದ ಮೇಲೆ ಮುರಿಯುವ ಮನಸ್ಸು ನನಗಿರ್ಲಿಲ್ಲ.

ಭಾನುವಾರ

ಜುಮೇರಾ ಬೀಚಿಗೆ ಹೋಗುದಿತ್ತು. ಬೆಳಿಗ್ಗೆ ಎದ್ದಾಗ ಮೂಗು ಕಟ್ಟಿ ಮೈ ಬಿಸಿ, ಥರ್ಮಾಮೀಟರಲ್ಲಿ 100.8. ಗಂಡನ ಮುಖ ನೋಡ್ಲಿಕ್ಕಾಗ್ಲಿಲ್ಲ, ಈಗಲೇ ಆಸ್ಪತ್ರೆಗೆ ಹೋಗುವಾ ಅಂತ. ನಾನು ಊರಿನ ಡಾಕ್ಟರಿಗೆ ಮೆಸೇಜ್ ಹಾಕಿದೆ, ಹಾಲು ಕುಡೀತಾಳಾ, ಮೂತ್ರ ಸರಿ ಹೋಗ್ತದಾ, ಉಸಿರು ಎಳೆದು ಎಳೆದು ಬಿಡ್ತಾಳಾ ಅಂತ ಮೂರು ಪ್ರಶ್ನೆ ಕೇಳಿದ್ರು. ಕುಡೀತಾಳೆ, ಹೋಗ್ತದೆ, ಇಲ್ಲ. ಚೀಟಿಯಲ್ಲಿ ಬರೆದ ಲೆಕ್ಕದ ಡ್ರಾಪ್ಸ್ ಕೊಡಿ, ಮೂಗಿಗೆ ಸಲೈನ್ ಬಿಡಿ, ಹಾಲು ಕೇಳಿದಾಗೆಲ್ಲ ಕೊಡಿ, ನಾಳೆಗೂ ಜ್ವರ ನಿಲ್ಲದಿದ್ರೆ ಅಥವಾ ಹಾಲು ಬಿಟ್ರೆ ಅಲ್ಲೇ ತೋರಿಸಿ ಅಂದ್ರು. ಇನ್ಶೂರೆನ್ಸ್ ಪೇಪರ್ ತೆಗೆದು ಮೇಜಿನ ಮೇಲೆ ಇಟ್ವಿ. ದಿನ ಪೂರ್ತಿ ನನ್ನ ಎದೆಗೆ ಅಂಟಿಕೊಂಡೇ ಇದ್ಳು, ಸಂಜೆಗೆ ಬೆವರಿ ಜ್ವರ ಇಳೀತು. ಬೀಚ್ ಹೋದ್ರೆ ಹೋಯ್ತು, ಮಲ್ಪೆಯವರ ಮಗಳಿಗೆ ಕಡಲಿಗೆ ಬರವಾ?

ಸೋಮವಾರ

ಜ್ವರ ಇಲ್ಲ, ಮೂಗು ಸ್ವಲ್ಪ ಸೋರ್ತಿತ್ತು. ಮಧ್ಯಾಹ್ನದ ನಿದ್ದೆ ಆದ ಮೇಲೆ ನೋಡಿ, ಆಟ ಆಡ್ತಿದ್ದಾಳೆ ಅಂತ ಖಾತ್ರಿ ಆದ ಮೇಲೆ ದುಬೈ ಮಾಲಿಗೆ ಹೊರಟ್ವಿ. ಬರ್ಜುಮಾನಿಂದ ರೆಡ್ ಲೈನ್, ಡ್ರೈವರ್ ಇಲ್ಲದ ಮೆಟ್ರೋ, 2009ರ ಸೆಪ್ಟೆಂಬರ್ 9ಕ್ಕೆ ಶುರುವಾದದ್ದು. ಹೆಂಗಸರಿಗೆ ಮಕ್ಕಳಿಗೆ ಬೇರೆ ಜಾಗ ಉಂಟು, ನೆಲದಲ್ಲಿ ಪಿಂಕ್ ಗೆರೆ. ಗಂಡ ಗೆರೆಯ ಆಚೆ, ನಾವಿಬ್ರು ಈಚೆ. ನನ್ನ ಪಕ್ಕದ ಮಲಯಾಳಿ ನರ್ಸ್ "ಎತ್ರ ಮಾಸಂ?", ಎಷ್ಟು ತಿಂಗಳು ಅಂತ ಕೇಳಿ, ನಾನು ಎಟ್ಟ್, ಎಂಟು ಅಂದದ್ದೇ, ಬ್ಯಾಗಿಂದ ಕೀ ಚೈನ್ ತೆಗೆದು ಪುಟ್ಟಿಯ ಕೈಗೆ ಕೊಟ್ರು. ಸ್ಟೇಷನ್ನಿಂದ ಮಾಲ್‌ವರೆಗೆ ಉದ್ದದ ಏಸಿ ಸೇತುವೆ, ನೆಲವೇ ನಡೀತದೆ, ಸ್ಟ್ರಾಲರ್ ಸಲೀಸು.

ಅಕ್ವೇರಿಯಮ್ಮಿನ ಒಳಗೆ ಟಿಕೆಟ್ ತೆಗೊಂಡು ಹೋಗ್ಬಹುದು, ಆದ್ರೆ ಅದರ ದೊಡ್ಡ ಗೋಡೆ ಮಾಲಿನ ನಡುವಿಂದಲೇ ಫ್ರೀಯಾಗಿ ಕಾಣ್ತದೆ. ಒಂದು ಕೋಟಿ ಲೀಟರ್ ನೀರು, 32 ಮೀಟರಿಗಿಂತ ಅಗಲದ, 8 ಮೀಟರ್ ಎತ್ತರದ ಅಕ್ರಿಲಿಕ್ ಹಲಗೆ, ದಪ್ಪವೇ 75 ಸೆಂಟಿಮೀಟರ್. ಪುಟ್ಟಿಯನ್ನು ಅದರ ಬುಡದಲ್ಲಿ ನಿಲ್ಸಿ ಸೊಂಟ ಹಿಡ್ಕೊಂಡೆ. ಎರಡೂ ಅಂಗೈ ಹಲಗೆಗೆ ಒತ್ತಿದ್ಳು. ಮೊದಲು ಸಣ್ಣ ಮೀನಿನ ಹಿಂಡು, ಅದನ್ನು ಅಷ್ಟೇನೂ ಲೆಕ್ಕಕ್ಕೆ ತೆಗೊಳ್ಲಿಲ್ಲ. ಆಮೇಲೆ ಮೇಲಿಂದ ಒಂದು ದೊಡ್ಡ ತೊರಕೆ (ಚಪ್ಪಟೆ ಮೈಯ ರೇ ಮೀನು) ನಿಧಾನ ಇಳಿದು ಬಂತು, ಬಿಳಿ ಹೊಟ್ಟೆ ಹಲಗೆಗೆ ತಾಗಿಸಿಕೊಂಡ ಹಾಗೆ, ಅಂಚು ಅಲೆ ಅಲೆಯಾಗಿ ಬೀಸ್ತಾ, ಸರೀ ಅವಳ ಮುಖದ ಎದುರೇ ಹಾದು ಹೋಯ್ತು. ಪುಟ್ಟಿ ಉಸಿರು ಹಿಡಿದ್ಳು. ಬಾಯಿ ತೆರೆದೇ ಇತ್ತು, ಜೊಲ್ಲು ಇಳೀತಾ ಇತ್ತು, ತೊರಕೆ ಹೋದ ಕಡೆಗೆ ಇಡೀ ಮೈ ತಿರುಗಿಸಿದ್ಳು, ಅದು ಕಾಣದಾದಾಗ ನನ್ನನ್ನು ನೋಡಿ ಒಂದು ಸಲ ಕಿರುಚಿದ್ಳು, ಖುಷಿಯ ಕಿರುಚು. ಮಲ್ಪೆ ಬಂದರಲ್ಲಿ ಬುಟ್ಟಿಯೊಳಗೆ ಸತ್ತು ಬಿದ್ದ ತೊರಕೆ ನೋಡಿಯೇ ದೊಡ್ಡವರಾದ ನನ್ನ ಗಂಡ, ಇದು ತೊರಕೆ, ಅದು ತಾಟೆ (ಶಾರ್ಕ್) ಅಂತ ಮಗಳಿಗೆ ಹೆಸರು ಹೇಳ್ತಾ ಹೇಳ್ತಾ ಸುಮ್ಮನಾಗಿ, "ಜೀವ ಇರುವಾಗ ಇಷ್ಟು ಚಂದ ಇರ್ತದೆ ಅಂತ ನಾನೂ ಈಗಲೇ ನೋಡುದು" ಅಂದ್ರು. ಮುಕ್ಕಾಲು ಗಂಟೆ ಅಲ್ಲೇ ಕೂತ್ವಿ. ಮಗು ಇಲ್ಲದಿದ್ರೆ ಐದು ನಿಮಿಷ ಫೋಟೋ ತೆಗೆದು ಮುಂದೆ ಹೋಗ್ತಿದ್ವಿ.

ಹಾಲು ಕೊಡ್ಲಿಕ್ಕೆ ರೂಮುಂಟು. ಬಾಗಿಲು, ಪರದೆ, ಕುರ್ಚಿ, ಡೈಪರ್ ಬದಲಿಸುವ ಮೇಜು, ಕೈ ತೊಳೆಯುವ ಬೇಸಿನ್, ಎಲ್ಲ ಕ್ಲೀನ್. ಅಲ್ಲಿ ಕೂತಾಗ ನನಗೆ ಸಿಟ್ಟೇ ಬಂತು. ಊರಲ್ಲಿ ನಾನು ಬಟ್ಟೆ ಅಂಗಡಿಯ ಟ್ರಯಲ್ ರೂಮಲ್ಲಿ, ಕಾರಿನ ಗಾಜಿಗೆ ಶಾಲು ಸಿಕ್ಕಿಸಿ, ಮದುವೆ ಹಾಲಿನ ಸಾಮಾನು ಕೋಣೆಯಲ್ಲಿ ಹಾಲು ಕೊಟ್ಟವಳು. ಒಂದು ಕುರ್ಚಿ, ಒಂದು ಪರದೆ, ಒಂದು ನಲ್ಲಿ, ಇದಕ್ಕೆ ದುಬೈಯಷ್ಟು ದುಡ್ಡು ಬೇಡ. ಯಾವ ಹಾಲ್ ಕಟ್ಟುವವರಾದ್ರೂ, ಯಾವ ಬಸ್‌ಸ್ಟ್ಯಾಂಡ್ ಮಾಡುವವರಾದ್ರೂ ಮನಸ್ಸು ಮಾಡಿದ್ರೆ ಆಗ್ತದೆ.

ಸಂಜೆ ಹೊರಗೆ ಫೌಂಟೇನ್. ಬುರ್ಜ್ ಖಲೀಫಾ 828 ಮೀಟರ್, ಸ್ಟ್ರಾಲರಲ್ಲಿ ಮಲಗಿದವಳಿಗೆ ಅದನ್ನು ನೋಡ್ಲಿಕ್ಕೆ ಕುತ್ತಿಗೆ ಎತ್ತುವ ಕಷ್ಟವೂ ಇಲ್ಲ. ಮೇಲೆ ಹತ್ತುದು ಬೇಡ ಅಂತ ಮಾಡಿದ್ವಿ, ಶೀತ ಆದ ಕಿವಿಗೆ ಆ ಲಿಫ್ಟಿನ ವೇಗ ಬೇಡ. ಹಾಡು, ನೀರು ಮೇಲೆ ಹಾರುವಾಗ ಢಂ ಅಂತ ಸೌಂಡ್, ಪುಟ್ಟಿಗೆ ಅದು ಆಗ್ಲಿಲ್ಲ, ಮುಖ ನನ್ನ ಕುತ್ತಿಗೆಯೊಳಗೆ ತುರ್ಕಿ ಗಟ್ಟಿ ಹಿಡ್ಕೊಂಡ್ಳು. ಒಂದು ಆಟ ಗಂಡ ನೋಡಿದ್ರು, ನಾನು ಅವಳನ್ನು ಒಳಗೆ ಕರ್ಕೊಂಡು ಹೋದೆ, ಅರ್ಧ ಗಂಟೆ ಬಿಟ್ಟು ಇನ್ನೊಂದು ಆಟ ನಾನು ನೋಡಿದೆ. ಒಬ್ಬಳೇ ನಿಂತು, ಎರಡೂ ಕೈ ಖಾಲಿ ಇಟ್ಕೊಂಡು. ತುಂಬ ಚಂದ ಇತ್ತು.

ಮಂಗಳವಾರ

ಅಕ್ಕ ಬೆಳಗ್ಗಿಂದ ಮಗುವನ್ನು ಕೆಳಗೆ ಇಡ್ಲೇ ಇಲ್ಲ. ಭಾವ ಆ ಕಾರ್ ಸೀಟನ್ನು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೇಪ್ ಹಾಕಿ ರೆಡಿ ಮಾಡಿ ಇಟ್ಟಿದ್ರು, ಗೆಳೆಯನಿಗೆ ಇನ್ನು ಬೇಡವಂತೆ, ಊರಿಗೆ ತೆಗೊಂಡು ಹೋಗಿ ಅಂತ. ಸ್ಟ್ರಾಲರ್, ಕಾರ್ ಸೀಟಿಗೆ ತೂಕದ ಲೆಕ್ಕ ಹೆಚ್ಚಾಗಿ ಬೇರೆ ಇರ್ತದೆ, ಟಿಕೆಟ್ ಮಾಡುವಾಗಲೇ ಕೇಳಿ ಇಟ್ಕೊಳ್ಳಿ. ವಾಪಸ್ ವಿಮಾನದಲ್ಲಿ ಇಳಿಯುವಾಗ ಚಮಚ ನನ್ನ ಕೈಯಲ್ಲೇ ರೆಡಿ ಇತ್ತು, ಮೂಗಿಗೆ ಮೊದಲೇ ಸಲೈನ್ ಬಿಟ್ಟಿದ್ದೆ, ಅತ್ತದ್ದು ಸ್ವಲ್ಪವೇ.

ಬಜ್ಪೆಯ ಪಾರ್ಕಿಂಗಲ್ಲಿ ರಾತ್ರಿ. ಅತ್ತೆ ಮಾವ ಬಂದಿದ್ರು. ಗಂಡ ಟಾರ್ಚ್ ಹಿಡ್ಕೊಂಡು ನಮ್ಮ ಕಾರಿನ ಹಿಂದಿನ ಸೀಟಿಗೆ ಆ ಸೀಟ್ ಕಟ್ಲಿಕ್ಕೆ ಶುರು ಮಾಡಿದ್ರು, ಬೆಲ್ಟ್ ಯಾವ ತೂತಲ್ಲಿ ಹೋಗುದು ಅಂತ ಭಾವನಿಗೆ ಫೋನ್, ಎರಡು ಟ್ಯಾಕ್ಸಿಯವರೂ ಬಂದು ಇಣುಕಿ ನೋಡಿ ಕೈ ಹಾಕಿದ್ರು. ಪುಟ್ಟಿಯನ್ನು ಕೂರಿಸಿ ಬಕಲ್ ಹಾಕಿದ್ದೇ ಅತ್ತೆ, "ಇದೆಂತ, ಬಾಲೆಯನ್ನು ಕಟ್ಟಿ ಹಾಕುದಾ, ನನ್ನ ಮಡಿಲಿಗೆ ಕೊಡಿ" ಅಂತ ಕೈ ಚಾಚಿದ್ರು. ಇಲ್ಲ ಅತ್ತೆ, ಮನೆ ಮುಟ್ಟಿದ ಮೇಲೆ ಪೂರ್ತಿ ನಿಮಗೇ ಕೊಡ್ತೇನೆ ಅಂದೆ. ಅಳು ಕಟೀಲಿನವರೆಗೂ ಇತ್ತು. ಅತ್ತೆ ಮಾತಾಡ್ಲಿಲ್ಲ, ಆದ್ರೆ ಪಕ್ಕದಲ್ಲಿ ಕೂತು ಪುಟ್ಟಿಯ ಬೆರಳು ತನ್ನ ಕೈಯೊಳಗೆ ಹಿಡ್ಕೊಂಡೇ ಇದ್ರು. ಕಿನ್ನಿಗೋಳಿ ದಾಟುವಾಗ ನಿದ್ದೆ ಬಂತು, ಮೂಲ್ಕಿಯಲ್ಲಿ ಹೈವೇಗೆ ಹತ್ತಿದ ಮೇಲೆ ಮಾವ ಡ್ರೈವ್ ಮಾಡ್ತಾ ಇದ್ದ ನನ್ನ ಗಂಡನಿಗೆ, ಈ ಸೀಟ್ ನಮ್ಮ ಇನ್ನೊಂದು ಕಾರಿಗೂ ಕೂರ್ತದಾ ಅಂತ ಕೇಳಿದ್ರು.